ಟ್ರಮಡಾಲ್: ಒಂದೇ ಮಾತ್ರೆಯೊಳಗಿನ ಎರಡು ಔಷಧಗಳು

ಟ್ರಮಡಾಲ್ 50 ಮಿಲಿಗ್ರಾಂ ಕ್ಯಾಪ್ಸೂಲ್ ಶಸ್ತ್ರಚಿಕಿತ್ಸೆಯ ಅಥವಾ ಮೂಳೆ ಮುರಿತದ ನಂತರದ ಮೊದಲ ಕೆಲವು ದಿನಗಳಿಗೆ ಉಪಯುಕ್ತವಾದ ನೋವು ನಿವಾರಕ. ತಿಂಗಳುಗಟ್ಟಲೆ ಎಳೆಯುವ ಮಂಡಿನೋವಿಗೆ ಅದು ಕಳಪೆ ಆಯ್ಕೆ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಹಾಗೂ ಹಿಂದೆ ಫಿಟ್ಸ್ ಬಂದವರಿಗೆ ಅದನ್ನು ಬಹಳ ಹಿಂದೆ ಮುಂದೆ ನೋಡಿ ಕೊಡಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು. ಭುಜದ ಮೂಳೆಗೆ ಪ್ಲೇಟ್ ಹಾಕಿಸಿಕೊಂಡ ನಂತರ ವೈದ್ಯರ ಚೀಟಿಯಂತೆ ಇದನ್ನು ಸೇವಿಸಿದ ಅನುಭವ ಮತ್ತು ಪೊಟ್ಟಣದೊಳಗಿನ ಮಾಹಿತಿ ಪತ್ರವನ್ನು ಸಾಲು ಬಿಡದೆ ಓದಿದ ಮೇಲೆ ಮೂಡಿದ ಅಭಿಪ್ರಾಯ, ಇವೆರಡೂ ಈ ವಿಮರ್ಶೆಯ ಹಿಂದಿವೆ. ಇದು ವೈದ್ಯರ ಸಲಹೆಗೆ ಪರ್ಯಾಯವಲ್ಲ. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕು, ಏನನ್ನು ಮುಚ್ಚಿಡಬಾರದು ಎಂಬುದು ಇದರಿಂದ ತಿಳಿದರೆ ಸಾಕು.

ಮೊದಲು ಅನುಭವದ ಮಾತು. ನುಂಗಿದ ಸುಮಾರು ಒಂದು ಗಂಟೆಗೆ ಪರಿಣಾಮ ಶುರುವಾಗುತ್ತದೆ, ಎರಡು ಮೂರು ಗಂಟೆಯ ಹೊತ್ತಿಗೆ ಗರಿಷ್ಠವಾಗುತ್ತದೆ, ನಾಲ್ಕರಿಂದ ಆರು ಗಂಟೆಯಲ್ಲಿ ಇಳಿಯುತ್ತದೆ. ನೋವು ಅಳಿಸಿಹೋಗುತ್ತದೆ ಎಂದುಕೊಂಡವರಿಗೆ ನಿರಾಸೆಯಾದೀತು. ಹೊಲಿಗೆಯ ಜಾಗದ ಎಳೆತ ಅಲ್ಲೇ ಇರುತ್ತದೆ, ಆದರೆ ಮನಸ್ಸು ಅದರ ಸುತ್ತಲೇ ಸುತ್ತುವುದನ್ನು ಬಿಡುತ್ತದೆ. ಮಗ್ಗುಲು ಬದಲಿಸಲು, ಕೆಮ್ಮಲು, ಫಿಸಿಯೊಥೆರಪಿಸ್ಟ್ ಹೇಳಿದಷ್ಟು ಕೈ ಎತ್ತಲು ಧೈರ್ಯ ಬರುತ್ತದೆ. ಇದಕ್ಕೆ ಪ್ರತಿಯಾಗಿ ಬಾಯಿ ಒಣಗುತ್ತದೆ, ಮೂಗಿನ ತುದಿ ತುರಿಸುತ್ತದೆ, ಕತ್ತಿನ ಹಿಂದೆ ಕಾರಣವಿಲ್ಲದೆ ಬೆವರು ಮೂಡುತ್ತದೆ. ಹಾಸಿಗೆಯಿಂದ ಥಟ್ಟನೆ ಎದ್ದು ನಿಂತರೆ ನೆಲ ಒಂದು ಕಡೆಗೆ ವಾಲಿದಂತಾಗಿ ಗೋಡೆ ಹಿಡಿಯಬೇಕಾಗುತ್ತದೆ. ಮೊದಲ ಮಾತ್ರೆಗಳಲ್ಲಿ ವಾಕರಿಕೆ ಜೋರಾಗಿರುತ್ತದೆ, ಆಮೇಲೆ ದೇಹ ಒಗ್ಗಿಕೊಳ್ಳುತ್ತದೆ. ಮಲಬದ್ಧತೆಗೆ ಮಾತ್ರ ದೇಹ ಒಗ್ಗುವುದೇ ಇಲ್ಲ ಎನ್ನಬಹುದು. ಎಷ್ಟು ದಿನ ಮಾತ್ರೆಯೋ ಅಷ್ಟೂ ದಿನ ಅದು ಇರುವುದರಿಂದ ಮಲ ಸಡಿಲಿಸುವ ಔಷಧವನ್ನೂ ಆರಂಭದಲ್ಲೇ ಕೇಳಿ ಪಡೆಯುವುದು ಜಾಣತನ. ಮಂಪರು ಇರುವಷ್ಟು ಕಾಲ ವಾಹನ ಓಡಿಸುವುದು, ಯಂತ್ರಗಳ ಮುಂದೆ ನಿಲ್ಲುವುದು ಬೇಡ.

ಇವೆಲ್ಲ ಕಣ್ಣಿಗೆ ಕಾಣುವ ತೊಂದರೆಗಳಾದ್ದರಿಂದ ಅವುಗಳ ಬಗ್ಗೆ ನನಗೆ ಹೆಚ್ಚಿನ ತಕರಾರಿಲ್ಲ. ಈ ಔಷಧದ ನಿಜವಾದ ಅಪಾಯ ಅದರ ಬಲದಲ್ಲಿಲ್ಲ, ಅದು ಯಾರ ದೇಹದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮೊದಲೇ ಹೇಳಲಾಗದಿರುವುದರಲ್ಲಿದೆ. ಜರ್ಮನಿಯ ಗ್ರುನೆಂಥಾಲ್ ಕಂಪನಿಯಲ್ಲಿ 1962ರಲ್ಲಿ ಇದನ್ನು ಸಂಶ್ಲೇಷಿಸಲಾಯಿತು. 1977ರಲ್ಲಿ ಅಲ್ಲಿನ ಮಾರುಕಟ್ಟೆಗೆ ಬಂತು. ಅಮೆರಿಕದಲ್ಲಿ 1995ರಲ್ಲಿ ಅನುಮತಿ ಸಿಕ್ಕಿತು. ಹಲವು ವರ್ಷಗಳ ಕಾಲ ಇದನ್ನು ಮಾರ್ಫಿನ್‌ನ ನಿರುಪದ್ರವಿ ತಮ್ಮನಂತೆ ಕಾಣಲಾಯಿತು. ಅಮೆರಿಕ ಮತ್ತು ಬ್ರಿಟನ್ ಎರಡೂ ಇದನ್ನು ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿದ್ದು 2014ರಲ್ಲಿ, ಭಾರತ 2018ರಲ್ಲಿ. ಅಂದರೆ ಜನ ಇದನ್ನು ದಶಕಗಳ ಕಾಲ ನುಂಗಿದ ಮೇಲೆ ನಿಯಮಗಳು ಎಚ್ಚೆತ್ತವು.

ಟ್ರಮಡಾಲ್‌ನಲ್ಲಿ ಎರಡು ಔಷಧಗಳಿವೆ ಎಂದುಕೊಂಡರೆ ಅದರ ಸ್ವಭಾವ ಅರ್ಥವಾಗುತ್ತದೆ. ನುಂಗಿದ ರೂಪದಲ್ಲಿ ಅದು ಮೆದುಳಿನ ಸೆರೊಟೊನಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ನರಕೋಶಗಳು ಮರಳಿ ಹೀರಿಕೊಳ್ಳದಂತೆ ತಡೆಯುತ್ತದೆ. ಖಿನ್ನತೆಯ ಹಲವು ಮಾತ್ರೆಗಳು ಮಾಡುವುದೂ ಇದೇ ಬಗೆಯ ಕೆಲಸವನ್ನು. ನರಕೋಶಗಳ ಮೇಲೆ ಮಾರ್ಫಿನ್ ಅಂಟಿಕೊಳ್ಳುವ ತಾಣಗಳಾದ ಗ್ರಾಹಿಗಳಿಗೆ ಮೂಲ ಟ್ರಮಡಾಲ್ ಅಂಟುವುದು ಬಹಳ ಕಡಿಮೆ. ಯಕೃತ್ತಿನಲ್ಲಿರುವ ಸಿವೈಪಿ2ಡಿ6 ಎಂಬ ಕಿಣ್ವ ಅದರ ಒಂದು ಪಾಲನ್ನು ಎಂ1 ಎಂಬ ವಸ್ತುವನ್ನಾಗಿ ಪರಿವರ್ತಿಸುತ್ತದೆ, ಮಾರ್ಫಿನ್ ಗುಂಪಿನ ನೋವು ನಿವಾರಕ, ಅಂದರೆ ಒಪಿಯಾಯ್ಡ್‌ನ ಮುಖ್ಯ ಕೆಲಸ ಮಾಡುವುದು ಈ ಎಂ1. ಆದ್ದರಿಂದ ಪೊಟ್ಟಣದ ಮೇಲೆ 50 ಮಿಲಿಗ್ರಾಂ ಎಂದು ಅಚ್ಚಾಗಿದ್ದರೂ ಅದರಲ್ಲಿ ಎಷ್ಟು ಒಪಿಯಾಯ್ಡ್ ಆಗಿ ಬದಲಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ನಮ್ಮ ನಮ್ಮ ಯಕೃತ್ತು.

ಈ ಕಿಣ್ವ ಎಲ್ಲರಲ್ಲೂ ಒಂದೇ ವೇಗದಲ್ಲಿ ಕೆಲಸ ಮಾಡುವುದಿಲ್ಲ, ಅದು ಹುಟ್ಟಿನಿಂದಲೇ ಬಂದ ಗುಣ. ಕೆಲವರಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂಥವರು ಮಾತ್ರೆ ನುಂಗಿಯೂ ನೋವಿನಿಂದ ನರಳುತ್ತಾರೆ, ಮಾತ್ರೆಗಾಗಿ ನಾಟಕ ಮಾಡುತ್ತಿದ್ದಾರೆ ಎಂಬ ಅನುಮಾನಕ್ಕೂ ಗುರಿಯಾಗುತ್ತಾರೆ. ಇನ್ನು ಕೆಲವರಲ್ಲಿ ಅದು ಅತಿ ವೇಗದ್ದು. ಸಾಮಾನ್ಯ ಪ್ರಮಾಣದಲ್ಲೇ ಅವರ ರಕ್ತದಲ್ಲಿ ಎಂ1 ಏರಿ ಉಸಿರಾಟ ಕುಗ್ಗಬಹುದು. ಮಕ್ಕಳಲ್ಲಿ ಇದು ಪ್ರಾಣಕ್ಕೇ ಎರವಾದ ಪ್ರಕರಣಗಳ ಹಿನ್ನೆಲೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ಏಪ್ರಿಲ್‌ನಲ್ಲಿ ಹನ್ನೆರಡು ವರ್ಷದೊಳಗಿನವರಿಗೆ ಟ್ರಮಡಾಲ್ ನಿಷಿದ್ಧವೆಂದಿತು. ಟಾನ್ಸಿಲ್ ಅಥವಾ ಅಡಿನಾಯ್ಡ್ ತೆಗೆಸಿಕೊಂಡ ಹದಿನೆಂಟು ವರ್ಷದೊಳಗಿನವರಿಗೂ ಕೊಡಬಾರದೆಂದಿತು. ಹಾಲೂಡಿಸುವ ತಾಯಂದಿರಿಗೆ ಬೇಡವೆಂದು ಎಚ್ಚರಿಸಿತು, ಏಕೆಂದರೆ ತಾಯಿಯ ಯಕೃತ್ತು ವೇಗದ್ದಾಗಿದ್ದರೆ ಹಾಲಿನ ಮೂಲಕ ಮಗುವಿಗೆ ಎಂ1 ತಲುಪುತ್ತದೆ. ದೊಡ್ಡವರಿಗೆಂದು ಬರೆದುಕೊಟ್ಟ ಕ್ಯಾಪ್ಸೂಲನ್ನು ಒಡೆದು ಮಗುವಿಗೆ ‘ಸ್ವಲ್ಪವೇ’ ಕೊಡುವ ಯೋಚನೆ ಎಷ್ಟು ಅಪಾಯಕಾರಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇರೆ ಮಾತ್ರೆಗಳೊಂದಿಗೆ ಟ್ರಮಡಾಲ್ ಹೇಗೆ ಸೇರುತ್ತದೆ ಎಂಬುದರ ಮೇಲೆ ಈ ಔಷಧದ ಯೋಗ್ಯತೆಯ ಅರ್ಧಕ್ಕಿಂತ ಹೆಚ್ಚು ಭಾಗ ನಿಂತಿದೆ ಎಂದು ನನ್ನ ಅಭಿಪ್ರಾಯ. ಖಿನ್ನತೆ, ಆತಂಕಗಳಿಗೆ ಕೊಡುವ ಸರ್ಟ್ರಲಿನ್, ಎಸ್ಸಿಟಲೊಪ್ರಾಮ್, ವೆನ್ಲಾಫ್ಯಾಕ್ಸಿನ್‌ನಂಥ ಮಾತ್ರೆಗಳು, ಮೈಗ್ರೇನ್‌ಗೆ ಕೊಡುವ ಸುಮಾಟ್ರಿಪ್ಟಾನ್, ಲಿನೆಜೊಲಿಡ್ ಎಂಬ ಆಂಟಿಬಯಾಟಿಕ್, ಇವುಗಳ ಜೊತೆ ಸೇರಿದಾಗ ಸೆರೊಟೊನಿನ್ ಅತಿಯಾಗಿ ಒಂದು ತೀವ್ರ ಸ್ಥಿತಿ ಉಂಟಾಗಬಹುದು: ಚಡಪಡಿಕೆ, ಕೈಕಾಲು ನಡುಕ, ಮೈ ಬಿಸಿಯೇರುವುದು, ಭೇದಿ, ಗಟ್ಟಿಯಾಗಿ ಸೆಟೆಯುವ ಸ್ನಾಯುಗಳು, ಗಲಿಬಿಲಿ. ಸೆರೊಟೊನಿನ್‌ನಂಥ ರಾಸಾಯನಿಕಗಳನ್ನು ಒಡೆಯುವ ಎಂಎಒ ಎಂಬ ಕಿಣ್ವವನ್ನು ತಡೆಯುವ ಹಳೆಯ ಖಿನ್ನತೆಯ ಮಾತ್ರೆಗಳನ್ನು ನಿಲ್ಲಿಸಿ 14 ದಿನ ಕಳೆಯುವವರೆಗೆ ಟ್ರಮಡಾಲ್ ಮುಟ್ಟುವಂತಿಲ್ಲ. ಫ್ಲುಆಕ್ಸೆಟಿನ್ ಮತ್ತು ಪ್ಯಾರಾಕ್ಸೆಟಿನ್ ಮಾತ್ರೆಗಳ ಕಥೆ ಇನ್ನೂ ವಿಚಿತ್ರ. ಅವು ಸೆರೊಟೊನಿನ್ ಹೆಚ್ಚಿಸುವುದಷ್ಟೇ ಅಲ್ಲದೆ ಮೇಲೆ ಹೇಳಿದ ಕಿಣ್ವವನ್ನೂ ತಡೆಯುತ್ತವೆ. ಆಗ ಎಂ1 ಕಡಿಮೆಯಾಗಿ ನೋವು ಇಳಿಯುವುದಿಲ್ಲ, ಮೂಲ ಟ್ರಮಡಾಲ್ ರಕ್ತದಲ್ಲಿ ಉಳಿದು ಅಪಾಯ ಮಾತ್ರ ಏರುತ್ತದೆ. ನೋವು ಹೋಗಲಿಲ್ಲವೆಂದು ರೋಗಿ ಇನ್ನೊಂದು ಕ್ಯಾಪ್ಸೂಲ್ ನುಂಗಿದರೆ ಲಾಭ ಸೊನ್ನೆ, ನಷ್ಟ ಇಮ್ಮಡಿ.

ಫಿಟ್ಸ್ ವಿಚಾರವೂ ಇಲ್ಲೇ ಬರುತ್ತದೆ. ಬೇರೆ ಹಲವು ಒಪಿಯಾಯ್ಡ್‌ಗಳಿಗಿಂತ ಟ್ರಮಡಾಲ್ ಈ ವಿಷಯದಲ್ಲಿ ಕುಖ್ಯಾತ: ಹೇಳಿದ ಪ್ರಮಾಣದಲ್ಲೇ ತೆಗೆದುಕೊಂಡವರಲ್ಲೂ ಫಿಟ್ಸ್ ಬಂದದ್ದು ದಾಖಲಾಗಿದೆ, ಪ್ರಮಾಣ ಮೀರಿದರೆ ಸಂಭವ ಇನ್ನೂ ಹೆಚ್ಚು. ಅಪಸ್ಮಾರ ಇರುವವರು, ತಲೆಗೆ ಪೆಟ್ಟು ಬಿದ್ದವರು, ಮದ್ಯ ಬಿಡುವ ಹಂತದಲ್ಲಿರುವವರು, ಖಿನ್ನತೆಯ ಮಾತ್ರೆಗಳನ್ನು (ಧೂಮಪಾನ ಬಿಡಿಸಲೂ ಕೊಡುವ ಬುಪ್ರೊಪಿಯಾನ್ ಸೇರಿ) ಸೇವಿಸುವವರು ವಿಶೇಷವಾಗಿ ಎಚ್ಚರ ವಹಿಸಬೇಕು. ಫಿಟ್ಸ್ ತಡೆಯಲೆಂದೇ ಕೊಡುವ ಕಾರ್ಬಮಜೆಪಿನ್ ಟ್ರಮಡಾಲನ್ನು ಬೇಗ ಕರಗಿಸಿ ಅದರ ನೋವು ನಿವಾರಣೆಯನ್ನು ಕುಗ್ಗಿಸುತ್ತದೆ, ಆದ್ದರಿಂದ ಆ ಜೋಡಿಯೂ ಆಗಿಬರುವುದಿಲ್ಲ. ರಕ್ತ ತೆಳುಗೊಳಿಸುವ ವಾರ್ಫರಿನ್ ಸೇವಿಸುವವರಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಬಹುದಾದ್ದರಿಂದ ರಕ್ತ ಹೆಪ್ಪುಗಟ್ಟುವ ಸಮಯವನ್ನು ಅಳೆಯುವ ಐಎನ್‌ಆರ್ ಪರೀಕ್ಷೆಯನ್ನು ಬೇಗ ಬೇಗ ಮಾಡಿಸಬೇಕಾಗುತ್ತದೆ.

ನಿದ್ರೆ ಮಾತ್ರೆ ಮತ್ತು ಮದ್ಯದ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ. ಅಲ್ಪ್ರಜೋಲಾಮ್, ಡಯಾಜೆಪಾಮ್, ಕ್ಲೊನಜೆಪಾಮ್‌ನಂಥ ಬೆಂಜೊಡಯಜೆಪಿನ್‌ಗಳನ್ನು ಒಪಿಯಾಯ್ಡ್ ಜೊತೆ ಸೇವಿಸಿದರೆ ಗಾಢ ಮಂಪರು, ಉಸಿರಾಟದ ಕುಸಿತ, ಸಾವು ಸಂಭವಿಸಬಹುದೆಂಬ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಎಫ್‌ಡಿಎ 2016ರಲ್ಲಿ ಎರಡೂ ಬಗೆಯ ಔಷಧಗಳ ಮೇಲೆ ಹಾಕಿಸಿತು. ನರನೋವಿಗೆ ಧಾರಾಳವಾಗಿ ಬರೆಯುವ ಗ್ಯಾಬಪೆಂಟಿನ್ ಮತ್ತು ಪ್ರಿಗ್ಯಾಬಲಿನ್ ಕುರಿತು 2019ರಲ್ಲಿ ಉಸಿರಾಟದ ಎಚ್ಚರಿಕೆ ಕೊಟ್ಟಿತು. ಬೆನ್ನುನೋವಿನ ರೋಗಿಯೊಬ್ಬನ ಚೀಟಿಯಲ್ಲಿ ಟ್ರಮಡಾಲ್, ಪ್ರಿಗ್ಯಾಬಲಿನ್, ರಾತ್ರಿಗೊಂದು ಕ್ಲೊನಜೆಪಾಮ್ ಮೂರೂ ಒಟ್ಟಿಗೆ ಕಾಣಿಸಿಕೊಳ್ಳುವುದು ಅಪರೂಪವಲ್ಲ ಎಂಬುದನ್ನು ನೆನೆದರೆ ಈ ಎಚ್ಚರಿಕೆಯ ತೂಕ ತಿಳಿಯುತ್ತದೆ. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವವರು, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇರುವವರು ಅದನ್ನು ಮೊದಲೇ ಹೇಳಬೇಕು.

ವಯಸ್ಕರಿಗೆ ಸಾಮಾನ್ಯ ಕ್ಯಾಪ್ಸೂಲಿನ ದಿನದ ಮಿತಿ 400 ಮಿಲಿಗ್ರಾಂ, 75 ವರ್ಷ ದಾಟಿದವರಿಗೆ 300. ಮೂತ್ರಪಿಂಡ ತೀರಾ ಕ್ಷೀಣಿಸಿದ್ದರೆ ಹನ್ನೆರಡು ಗಂಟೆಗೊಮ್ಮೆ ಮಾತ್ರ, ದಿನಕ್ಕೆ 200 ಮೀರದಂತೆ. ಯಕೃತ್ತಿನ ಸಿರೋಸಿಸ್ ಇದ್ದರೆ ಹನ್ನೆರಡು ಗಂಟೆಗೊಮ್ಮೆ 50. ರಕ್ತದ ಸಕ್ಕರೆ ಇಳಿಯುವುದು ಮತ್ತು ಸೋಡಿಯಂ ಇಳಿಯುವುದು ಕೂಡ ಮಾಹಿತಿ ಪತ್ರದಲ್ಲಿದೆ. ಮಧುಮೇಹದ ಮಾತ್ರೆ ನುಂಗುವ ಹಿರಿಯರು ಮಂಕಾದಾಗ ಮನೆಯವರು ಅದನ್ನು ವಯಸ್ಸಿನ ಮೇಲೆ ಹೊರಿಸುವುದಕ್ಕೆ ಮುಂಚೆ ಸಕ್ಕರೆ ಪರೀಕ್ಷಿಸಿಬಿಡುವುದು ಒಳ್ಳೆಯದು.

ಇದರ ಬಲದ ಬಗ್ಗೆ ಇರುವ ತಪ್ಪು ಅಂದಾಜಿಗೆ ಅಧಿಕೃತ ಲೆಕ್ಕಾಚಾರವೂ ಒಂದು ಕಾಲಕ್ಕೆ ಕೈಜೋಡಿಸಿತ್ತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2016ರ ಮಾರ್ಗಸೂಚಿಯಲ್ಲಿ ಟ್ರಮಡಾಲನ್ನು ಮಾರ್ಫಿನ್‌ಗೆ ಹೋಲಿಸಲು 0.1ರಿಂದ ಗುಣಿಸಬೇಕೆಂದಿತ್ತು, ಅಂದರೆ 400 ಮಿಲಿಗ್ರಾಂ ಟ್ರಮಡಾಲ್ 40 ಮಿಲಿಗ್ರಾಂ ಮಾರ್ಫಿನ್‌ಗೆ ಸಮ. 2022ರ ಮಾರ್ಗಸೂಚಿಯಲ್ಲಿ ಆ ಅಂಕಿ 0.2 ಆಯಿತು, ಹಾಗಾಗಿ ಅದೇ 400 ಮಿಲಿಗ್ರಾಂ ಈಗ 80ಕ್ಕೆ ಸಮ. ದಿನಕ್ಕೆ 50 ಮಿಲಿಗ್ರಾಂ ಮಾರ್ಫಿನ್‌ಗೆ ಸಮನಾದ ಪ್ರಮಾಣವನ್ನು ಮುಟ್ಟುವ ಮುನ್ನ ವೈದ್ಯರು ನಿಂತು ಲಾಭ ನಷ್ಟ ತೂಗಬೇಕೆಂಬುದು ಅದೇ ಸಂಸ್ಥೆಯ ಸಲಹೆಯಾಗಿರುವುದರಿಂದ, ಹಳೆಯ ಲೆಕ್ಕದಲ್ಲಿ ಗೆರೆಯ ಈಚೆಗಿದ್ದ ಪೂರ್ಣ ಪ್ರಮಾಣದ ಟ್ರಮಡಾಲ್ ಹೊಸ ಲೆಕ್ಕದಲ್ಲಿ ಗೆರೆಯ ಆಚೆಗೆ ಹೋಗಿದೆ. ಮಾತ್ರೆ ಬದಲಾಗಲಿಲ್ಲ, ಅದನ್ನು ನೋಡುವ ಕಣ್ಣು ಬದಲಾಯಿತು.

ಅವಲಂಬನೆಯ ವಿಷಯದಲ್ಲಿ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಅದೇ ಪ್ರಮಾಣಕ್ಕೆ ನೋವು ಮೊದಲಿನಷ್ಟು ಇಳಿಯದಿರುವುದು ಒಂದು; ನಿಲ್ಲಿಸಿದರೆ ದೇಹ ತಿರುಗಿಬೀಳುವುದು ಇನ್ನೊಂದು; ಹಾನಿಯಾಗುತ್ತಿದೆಯೆಂದು ತಿಳಿದೂ ಬಿಡಲಾಗದೆ ಅದರ ಹಿಂದೆಯೇ ಬೀಳುವುದು ಮೂರನೆಯದು. ಮೊದಲೆರಡು ನಿಯಮಿತವಾಗಿ ಸೇವಿಸುವ ಯಾರಿಗಾದರೂ ಆಗಬಹುದು, ಅದು ನಡತೆಯ ದೋಷವಲ್ಲ. ಚಟ ಎನ್ನಬೇಕಾದದ್ದು ಮೂರನೆಯದನ್ನು ಮಾತ್ರ. ಆದರೆ ಮೊದಲೆರಡು ಮೂರನೆಯದಕ್ಕೆ ದಾರಿ ಮಾಡಿಕೊಡುವುದುಂಟು. ಸಿಡಿಸಿ 2017ರ ಮಾರ್ಚ್‌ನಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಕನಿಷ್ಠ ಒಂದು ದಿನದ ಒಪಿಯಾಯ್ಡ್ ಪಡೆದವರಲ್ಲಿ ಒಂದು ವರ್ಷದ ನಂತರವೂ ಅದನ್ನು ಬಳಸುತ್ತಿದ್ದವರು ಸುಮಾರು ಶೇ 6. ಮೊದಲ ಸಲವೇ ಎಂಟು ದಿನ ಅಥವಾ ಅದಕ್ಕಿಂತ ಹೆಚ್ಚು ದಿನಗಳಿಗೆ ಪಡೆದವರಲ್ಲಿ ಶೇ 13.5. ದೀರ್ಘಕಾಲಿಕವಾಗಿ ಕೆಲಸ ಮಾಡುವ ಒಪಿಯಾಯ್ಡ್‌ಗಳನ್ನು ಬಿಟ್ಟರೆ, ಬಳಕೆ ಹೀಗೆ ಮುಂದುವರಿಯುವ ಸಂಭವ ಅತಿ ಹೆಚ್ಚಾಗಿ ಕಂಡದ್ದು ಟ್ರಮಡಾಲ್‌ನಿಂದ ಆರಂಭಿಸಿದವರಲ್ಲಿ. ದೀರ್ಘಕಾಲದ ನೋವಿರುವವರಿಗೇ ಅದನ್ನು ಹೆಚ್ಚಾಗಿ ಬರೆದಿರುವುದೂ ಇದಕ್ಕೆ ಒಂದು ಕಾರಣವಾಗಿರಬಹುದು. ಹಾಗಿದ್ದರೂ ಇದು ಸೌಮ್ಯ, ಅಂಟಿಕೊಳ್ಳುವುದಿಲ್ಲ ಎಂಬ ನಂಬಿಕೆಗೆ ಆ ಅಂಕಿಗಳಲ್ಲಿ ಯಾವ ಆಧಾರವೂ ಸಿಗುವುದಿಲ್ಲ.

ನಿಲ್ಲಿಸುವಾಗಲೂ ಎರಡು ಔಷಧಗಳನ್ನು ಒಟ್ಟಿಗೆ ನಿಲ್ಲಿಸಿದಂತೆಯೇ. ಮೂಗು ಸೋರುವುದು, ಆಕಳಿಕೆ, ಹೊಟ್ಟೆ ಕಿವುಚುವುದು, ಭೇದಿ, ನಿದ್ರೆಗೇಡು, ಕಾಲುಗಳ ಚಡಪಡಿಕೆ ಒಪಿಯಾಯ್ಡ್ ಕಡೆಯವು. ಕೆಲವರಲ್ಲಿ ಇವುಗಳ ಜೊತೆಗೆ ವಿಪರೀತ ದಿಗಿಲು, ಗೊಂದಲ, ಇಲ್ಲದ್ದು ಕಾಣಿಸುವುದು, ಕೈಕಾಲು ಜುಮ್ಮೆನ್ನುವುದು ಸೇರಿಕೊಳ್ಳುತ್ತವೆ, ಖಿನ್ನತೆಯ ಮಾತ್ರೆಯನ್ನು ಥಟ್ಟನೆ ಬಿಟ್ಟವರಲ್ಲಿ ಆಗುವ ಹಾಗೆ. ಕೆಲವು ದಿನಗಳ ಸೇವನೆಯ ನಂತರ ನಿಲ್ಲಿಸುವುದು ಸಾಮಾನ್ಯವಾಗಿ ಕಷ್ಟವಾಗುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಸೇವಿಸಿದವರು ಸ್ವಂತ ನಿರ್ಧಾರದಿಂದ ಒಂದೇ ಏಟಿಗೆ ನಿಲ್ಲಿಸಬಾರದು. ವೈದ್ಯರ ನಿಗಾದಲ್ಲಿ ಹಂತ ಹಂತವಾಗಿ ಇಳಿಸಬೇಕು. ರೋಗಿಯ ಮೇಲಿನ ಅನುಮಾನದಿಂದ ವೈದ್ಯರೇ ಥಟ್ಟನೆ ಕೈಬಿಡುವುದೂ ಅಷ್ಟೇ ಅಪಾಯಕಾರಿ. ಈ ಬಗ್ಗೆ ಎಫ್‌ಡಿಎ 2019ರಲ್ಲಿ ಪ್ರತ್ಯೇಕ ಎಚ್ಚರಿಕೆಯನ್ನೇ ಹೊರಡಿಸಬೇಕಾಯಿತು.

ಇಷ್ಟೆಲ್ಲ ಅಪಾಯವನ್ನು ಹೊತ್ತು ತಂದರೂ ದೀರ್ಘಕಾಲದ ನೋವಿಗೆ ಅದು ಕೊಡುವ ಲಾಭವಾದರೂ ದೊಡ್ಡದೇ? ಮಂಡಿ ಮತ್ತು ಸೊಂಟದ ಸಂಧಿ ಸವೆತಕ್ಕೆ ಸಂಬಂಧಿಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಕಾಕ್ರೇನ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ, ಟ್ರಮಡಾಲ್‌ನಿಂದ ಸರಾಸರಿ ನೋವಿನಲ್ಲಾಗಲಿ ಚಲನೆಯಲ್ಲಾಗಲಿ ಹೇಳಿಕೊಳ್ಳುವಂಥ ಪ್ರಯೋಜನ ಬಹುಶಃ ಇಲ್ಲ ಎಂದಿತು. ಅಡ್ಡ ಪರಿಣಾಮಗಳಿಂದಾಗಿ ಚಿಕಿತ್ಸೆಯನ್ನೇ ಬಿಟ್ಟವರು ಮಾತ್ರ ಹುಸಿಮಾತ್ರೆ ಪಡೆದವರಿಗಿಂತ ಸ್ಪಷ್ಟವಾಗಿ ಹೆಚ್ಚಿದ್ದರು. ಶಸ್ತ್ರಚಿಕಿತ್ಸೆಯ ನಂತರದ ನೋವಿಗೂ ಮೊದಲ ಸ್ಥಾನ ಇದಕ್ಕೆ ಸಲ್ಲಬೇಕಿಲ್ಲ. ಹೊಟ್ಟೆಹುಣ್ಣು, ಮೂತ್ರಪಿಂಡ, ಹೃದಯದ ತೊಂದರೆ ಇಲ್ಲದವರಿಗೆ ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್‌ ಅನ್ನು ವೈದ್ಯರು ಹೇಳಿದಂತೆ ಹೊತ್ತಿಗೆ ಸರಿಯಾಗಿ ಸೇವಿಸುವುದೇ ಅಡಿಪಾಯ. ಅದರ ಮೇಲೂ ಉಳಿಯುವ ನೋವಿಗೆ, ರಾತ್ರಿ ಹೊತ್ತು ಅಥವಾ ವ್ಯಾಯಾಮಕ್ಕೆ ಮುಂಚೆ, ಟ್ರಮಡಾಲ್ ನೆರವಾಗುತ್ತದೆ. ನನ್ನ ವಿಷಯದಲ್ಲೂ ಅದು ನಿಜವಾಗಿ ಉಪಯೋಗಕ್ಕೆ ಬಂದದ್ದು ಅಷ್ಟಕ್ಕೇ.

ಕೊಟ್ಟ ರೀತಿಗೆ ನಾನು ಕಡಿಮೆ ಅಂಕ ಕೊಡುತ್ತೇನೆ. ಚೀಟಿಯಲ್ಲಿ ‘ನೋವಿದ್ದರೆ’ ಎಂದಷ್ಟೇ ಇತ್ತು. ಎಷ್ಟು ಗಂಟೆಯ ಅಂತರ, ದಿನಕ್ಕೆ ಗರಿಷ್ಠ ಎಷ್ಟು, ಎಂದಿಗೆ ನಿಲ್ಲಿಸಬೇಕು, ಯಾವುದೂ ಇರಲಿಲ್ಲ. ಬೇರೆ ಯಾವ ಮಾತ್ರೆ ನುಂಗುತ್ತೀರಿ ಎಂಬ ಪ್ರಶ್ನೆಯನ್ನು ಆಸ್ಪತ್ರೆಯಲ್ಲಾಗಲಿ ಔಷಧದಂಗಡಿಯಲ್ಲಾಗಲಿ ಯಾರೂ ಕೇಳಲಿಲ್ಲ. ಮಾಹಿತಿ ಪತ್ರವನ್ನು ಬಿಡಿಸಿದರೆ ಹಾಸಿಗೆಯ ಅರ್ಧ ಭಾಗಕ್ಕೆ ಹರಡಿಕೊಳ್ಳುತ್ತದೆ, ಅಕ್ಷರಗಳು ಸಾಸಿವೆಗಿಂತ ಸಣ್ಣವು. ಬೇಗನೆ ಕಣ್ಣಿಗೆ ಬೀಳಬೇಕಾದ ಫಿಟ್ಸ್ ಮತ್ತು ಖಿನ್ನತೆಯ ಮಾತ್ರೆಗಳ ವಿಚಾರ ಎಷ್ಟೋ ಮಡಿಕೆಗಳ ಒಳಗೆ ಹುದುಗಿದೆ. ಆ ಮಡಿಕೆಯನ್ನು ಒಂದೇ ಕೈಯಲ್ಲಿ ಬಿಡಿಸಬೇಕಾದವನು ಭುಜದ ಶಸ್ತ್ರಚಿಕಿತ್ಸೆಯ ರೋಗಿ ಎಂಬುದನ್ನು ಅದನ್ನು ಅಚ್ಚು ಹಾಕಿಸಿದವರು ಯೋಚಿಸಿದಂತಿಲ್ಲ.

ಖರೀದಿಸುವಾಗ ಯಾವ ರೂಪದ್ದು ಎಂಬುದನ್ನೂ ನೋಡಿಕೊಳ್ಳಬೇಕು. ಒಂದು ದಿನವಿಡೀ ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆಯನ್ನು ಮುರಿಯುವುದು, ಅಗಿಯುವುದು, ಪುಡಿ ಮಾಡುವುದು ಸಲ್ಲದು; ಹಾಗೆ ಮಾಡಿದರೆ ದಿನವಿಡೀ ಸಿಗಬೇಕಾದದ್ದು ಒಮ್ಮೆಲೇ ದೇಹಕ್ಕೆ ಸೇರಿ ಪ್ರಾಣಾಪಾಯವಾಗಬಹುದು. 37.5 ಮಿಲಿಗ್ರಾಂ ಟ್ರಮಡಾಲ್ ಜೊತೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬೆರೆಸಿದ ಮಾತ್ರೆಯಲ್ಲಿ ಅಪಾಯ ಬೇರೆ ಬಗೆಯದು. ಅದನ್ನು ನುಂಗುತ್ತಿರುವಾಗ ಜ್ವರಕ್ಕೋ ತಲೆನೋವಿಗೋ ಪ್ರತ್ಯೇಕವಾಗಿ ಪ್ಯಾರಾಸಿಟಮಾಲ್ ಸೇರಿಸಿಕೊಂಡರೆ ಯಕೃತ್ತಿಗೆ ಹಾನಿಯಾಗುವ ಮಟ್ಟ ತಲುಪುವುದು ಕಷ್ಟವೇನಲ್ಲ.

ಮಾತ್ರೆ ಹೆಚ್ಚಾದ ಲಕ್ಷಣಗಳನ್ನು ರೋಗಿಗಿಂತ ಮನೆಯವರು ತಿಳಿದಿರಬೇಕು: ಎಬ್ಬಿಸಿದರೂ ಏಳದ ನಿದ್ರೆ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ನಿಧಾನವಾಗಿ ಗೊರಗೊರ ಎನ್ನುವ ಉಸಿರು, ನೀಲಿಗಟ್ಟಿದ ತುಟಿ. ತಕ್ಷಣ ಆಂಬುಲೆನ್ಸ್ ಕರೆಯಬೇಕು, ಅದು ಬರುವವರೆಗೆ ಪಕ್ಕದಲ್ಲೇ ಇದ್ದು ಉಸಿರಾಟ ಗಮನಿಸಬೇಕು. ನಲಾಕ್ಸೋನ್ ಎಂಬ ಪ್ರತಿಔಷಧ ಒಪಿಯಾಯ್ಡ್ ಪರಿಣಾಮವನ್ನು ತಿರುಗಿಸುತ್ತದೆ, ಆದರೆ ಟ್ರಮಡಾಲ್‌ನ ಸೆರೊಟೊನಿನ್ ಪಾಲನ್ನು ಅದು ಮುಟ್ಟುವುದಿಲ್ಲ, ಫಿಟ್ಸ್ ಸಂಭವವನ್ನು ಹೆಚ್ಚಿಸಲೂಬಹುದು. ಅದರ ಪ್ರಭಾವ ಟ್ರಮಡಾಲ್‌ಗಿಂತ ಮೊದಲೇ ಇಳಿಯುವುದರಿಂದ ಎಚ್ಚರಗೊಂಡವರು ಮತ್ತೆ ಮಂಪರಿಗೆ ಜಾರಬಹುದು. ಹಾಗೆಂದು ಉಸಿರು ನಿಲ್ಲುತ್ತಿರುವಾಗ ನಲಾಕ್ಸೋನ್ ಕೊಡದೆ ಇರಬೇಕೆಂದಲ್ಲ. ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕೆಂದರ್ಥ. ಉಳಿದ ಕ್ಯಾಪ್ಸೂಲ್‌ಗಳನ್ನು ಮುಂದೆಂದಾದರೂ ಬೇಕಾದೀತೆಂದು ಇಟ್ಟುಕೊಳ್ಳದೆ, ಹಿಂದಕ್ಕೆ ಪಡೆಯುವ ಔಷಧದಂಗಡಿಗೆ ಕೊಡುವುದು ಸರಿ. ನೋವೆಂದು ಕೇಳಿದ ನೆಂಟರಿಗೆ ಎತ್ತಿಕೊಡುವುದು ಸಹಾಯವಲ್ಲ, ಅವರ ಯಕೃತ್ತು ಎಂಥದ್ದು, ಅವರು ಬೇರೆ ಏನು ನುಂಗುತ್ತಾರೆ ಎಂಬುದು ಕೊಡುವವರಿಗೆ ಗೊತ್ತಿರುವುದಿಲ್ಲ.

ಹಾಗಾದರೆ ಇದರ ಬದಲಿಗೆ ಇನ್ನೊಂದನ್ನು ಕೇಳಬಹುದೇ ಎಂದರೆ ಆಯ್ಕೆ ಸುಲಭವಿಲ್ಲ. ಕೊಡೀನ್ ಕೂಡ ಇದೇ ಕಿಣ್ವದ ಮೂಲಕ ಮಾರ್ಫಿನ್ ಆಗಬೇಕಾದದ್ದರಿಂದ ಅದೇ ಅನಿಶ್ಚಿತತೆ ಅಲ್ಲೂ ಇದೆ, 2017ರ ನಿಷೇಧ ಅದಕ್ಕೂ ಅನ್ವಯಿಸಿತು. ಟ್ರಮಡಾಲ್ ತಯಾರಿಸಿದ ಕಂಪನಿಯೇ ಅಭಿವೃದ್ಧಿಪಡಿಸಿದ ಟಪೆಂಟಡಾಲ್‌ಗೆ ಸಿವೈಪಿ2ಡಿ6ನ ಹಂಗಿಲ್ಲ, ಸೆರೊಟೊನಿನ್ ಮೇಲಿನ ಅದರ ಪ್ರಭಾವವೂ ಕಡಿಮೆ. ಆದರೆ ಅದು ನೇರವಾಗಿಯೇ ಪ್ರಬಲವಾದ ಒಪಿಯಾಯ್ಡ್ ಆದ್ದರಿಂದ ಉಸಿರಾಟ ಮತ್ತು ಅವಲಂಬನೆಯ ಪ್ರಶ್ನೆಗಳು ಅಲ್ಲೂ ಉಳಿದೇ ಇರುತ್ತವೆ. ಕಡಿಮೆ ಪ್ರಮಾಣದ ಮಾರ್ಫಿನ್ ಮಾತ್ರೆಯನ್ನು ಕೊಡಲು ಹಲವು ವೈದ್ಯರು ಹಿಂಜರಿಯುತ್ತಾರೆ, ಅದರ ಹೆಸರಿಗೆ ರೋಗಿಗಳೂ ಹೆದರುತ್ತಾರೆ. ಆಸ್ಪತ್ರೆಯ ನಿಗಾದಲ್ಲಿ, ನಿಗದಿತ ದಿನಗಳಿಗೆ, ಮೂತ್ರಪಿಂಡ ಚೆನ್ನಾಗಿರುವ ರೋಗಿಗೆ, ಅಳತೆಗೆ ಸರಿಯಾಗಿ ಫಲ ಕೊಡುವ ಆ ಹಳೆಯ ಔಷಧವೇ ಟ್ರಮಡಾಲ್‌ಗಿಂತ ಹೆಚ್ಚು ನಂಬಿಕೆಗೆ ಅರ್ಹ ಎಂದು ವಾದಿಸುವ ನೋವುತಜ್ಞರಿದ್ದಾರೆ, ಅವರ ವಾದ ನನಗೆ ಒಪ್ಪಿಗೆಯಾಗುತ್ತದೆ.